ತೂಕಕ್ಕೆ ಹೊಂದಿಸಿದ ಅಮ್ಮ

ಆಸ್ಪತ್ರೆ, ಮೂರನೆಯ ಮಹಡಿ, ಕಿಟಕಿ ಪಕ್ಕದ ಮಂಚ
ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಮಗನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಸೊಸೆ, ಮಗು ಆರಾಮವೇ? ಕೂತು ಕೂತು ನಿನಗೆ ಹೊಟ್ಟೆ ಬಂದಿದೆ ಎಂದು ಅವಳು ಫೋಟೋ ಕಳಿಸಿದ್ದಳು. ಬರಲಿ ಬಿಡು, ಈ ಸಣಕಲು ವಂಶದಲ್ಲಿ ಒಬ್ಬನಾದರೂ ದುಂಡಗಿರಲಿ.

ಎದೆಯ ಕಾಯಿಲೆಗೆ ನಾನು ಆಸ್ಪತ್ರೆ ಸೇರಿದ್ದು ನಿನಗೆ ಗೊತ್ತು. ಸೇರಿದ್ದು ನೀನು ಲೆಕ್ಕ ಹಾಕುವ, ನಿಮ್ಮ ಕಂಪನಿಯ ಹೊಸ ಇಂಜೆಕ್ಷನ್ನಿನ ಪರೀಕ್ಷೆಗೇ ಎಂದು ಹೇಳಿರಲಿಲ್ಲ. ಹೇಳಿದರೆ ನಿನ್ನನ್ನು ಆ ಕೆಲಸದಿಂದ ತೆಗೆದಾರು ಎಂದು ಹೆದರಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನಿಮ್ಮ ಕೈಗೆ ರೋಗಿಗಳ ಹೆಸರು ಬರುವುದಿಲ್ಲ, ಬರೀ ನಂಬರು. ನನ್ನದು ಹದಿನೇಳು. ಕಾಯಿಲೆಯೇನೋ ಇಳಿಯಿತು. ಆದರೆ ಎಲ್ಲರಿಗೂ ಒಂದೇ ಅಳತೆಯ ಔಷಧಿ. ಎದುರು ವಾರ್ಡಿನ ಲಾರಿ ಡ್ರೈವರಿಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮೂವತ್ತಾರು ಕೆಜಿಯ ನನಗೆ ಕಿವಿಯಲ್ಲಿ ಕುಕ್ಕರು ಕೂಗತೊಡಗಿತು. ರಕ್ತ ತೆಗೆದು ನೋಡಿದರೆ ಔಷಧಿ ವಿಪರೀತ ಏರಿದೆ ಎಂದು ನರ್ಸಮ್ಮ ಗಾಬರಿಯಾದಳು.

ಆಗಲೇ ನೀನು ಫೋನ್ ಮಾಡಿದ್ದು. ಎಷ್ಟು ಬೀಗಿದ್ದೆ! “ಅಮ್ಮಾ, ನನ್ನ ಗ್ರಾಫಿನಲ್ಲಿ ಹದಿನೇಳನೇ ನಂಬರಿಂದು ಒಂದೇ ಒಂದು ಚುಕ್ಕಿ ಎಲ್ಲೋ ಮೇಲೆ ಹೋಗಿತ್ತು. ತೂಕಕ್ಕೆ ಹೊಂದಿಸಿದೆ ನೋಡು, ಒಳ್ಳೇ ಮಗು ಥರ ಗೆರೆ ಮೇಲೆ ಬಂದು ಕೂತ್ಕೊಳ್ತು!” ಸಣ್ಣ ಮೈಯವರ ರಕ್ತದಲ್ಲಿ ಔಷಧಿ ಹೆಚ್ಚೇ ಕಾಣುತ್ತದಂತೆ, ಅದನ್ನು ತೂಕದ ಲೆಕ್ಕಕ್ಕೆ ಇಳಿಸಿ ನೋಡಬೇಕಂತೆ. ಜಾಣ! ಕಾಗದದ ಮೇಲೆ ಇಳಿಸಿದೆ, ನನ್ನ ರಕ್ತದಲ್ಲಿ ಯಾರು ಇಳಿಸಬೇಕಿತ್ತು? ಕಂಪನಿಯಿಂದ ಬಂದ ನಿನ್ನ ಲೆಕ್ಕ ನೋಡಿ ಡಾಕ್ಟರು, “ನಿಮ್ಮ ತೂಕಕ್ಕೆ ಸರಿಯಾಗೇ ಇದೆ ಅಮ್ಮಾ, ಮುಂದುವರಿಸೋಣ” ಎಂದರು. ನರ್ಸಮ್ಮ ಬೇಡವೆಂದು ಕಣ್ಣಲ್ಲೇ ಹೇಳಿದಳು. ನನ್ನ ಮಗನ ಲೆಕ್ಕ ತಪ್ಪುವುದುಂಟೇ ಎಂದು ನಾನೇ ದಿನಾ ತೋಳು ಚಾಚಿದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಸಿಟ್ಟು ಮೈಯೆಲ್ಲ ಉರಿಯುವಷ್ಟಿದೆ. ಪಕ್ಕದ ಮಂಚಕ್ಕೆ ಇವತ್ತು ಒಬ್ಬಳು ಬಂದಿದ್ದಾಳೆ, ನನಗಿಂತ ಕಡ್ಡಿ. ಅವಳ ತಲೆದೆಸೆಯಲ್ಲೂ ಅದೇ ಅಳತೆ ಬರೆದಿದ್ದಾರೆ. ನಿನ್ನ ಗೆರೆ ನೇರವಾಗಿದೆಯಲ್ಲ, ಇನ್ನೇನು ಬೇಕು.

ಸೊಸೆಗೂ ಮಗುವಿಗೂ ನನ್ನ ಆಶೀರ್ವಾದ. ನಿನಗೂ ಇದೆ, ಹೆತ್ತ ತಪ್ಪಿಗೆ.

ನಿನ್ನ ಅಮ್ಮ

ಮರೆತಿದ್ದೆ: ಇನ್ನು ಫೋನ್ ಮಾಡಬೇಡ. ಎರಡು ಕಿವಿಯೂ ಹೋಗಿವೆ, ವಾಪಸು ಬರುವುದಿಲ್ಲವೆಂದು ಡಾಕ್ಟರು ಬರೆದು ತೋರಿಸಿದರು. ಭಾನುವಾರ ಫೋನಿನಲ್ಲಿ ಮಗುವಿನ ಮುಖ ತೋರಿಸಿದೆಯಲ್ಲ, ಅದು ಬಾಯಿ ತೆರೆದದ್ದೇ ನೀನೂ ಸೊಸೆಯೂ ಕುಣಿದಾಡಿದಿರಿ; ಅದರ ಮೊದಲ ಮಾತಿರಬೇಕು. ನಾನೂ ನಿಮ್ಮ ಜೊತೆ ನಕ್ಕೆ. ಏನಂದಿತು, ಬರೆದು ಕಳಿಸು.