ಸೊನ್ನೆ ಬಿಡದ ಮುಳ್ಳು

ಕೆಂಚನಗುಡ್ಡ, ಸಿರುಗುಪ್ಪ ತಾಲ್ಲೂಕು
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ಸೊಸೆ ಅಂಜನಾಗೆ,

ನಿನ್ನ ಮಾವ ಮರಿಬಸಪ್ಪ ಮನಸ್ಸು ತುಂಬಿ ಹರಸುತ್ತಿದ್ದೇನೆ. ಹೇಗಿದ್ದೀಯಮ್ಮಾ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದಂತೆ ಕೇಳಿಸಿತು. ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲ ಎಂಜಿನ್‌ಗೆ ನೀರು ಹೋಗುತ್ತದೋ ಇಲ್ಲವೋ ನೋಡುವ ಭರದಲ್ಲಿ ನಿನ್ನ ಗಂಟಲನ್ನೇ ಮರೆತಿದ್ದೀಯೋ? ಕೊಚ್ಚಿಯ ಊಟ ಒಗ್ಗಿತೇ? ನಿನ್ನತ್ತೆ ಹೊನ್ನೂರಮ್ಮ ಖಡಕ್ ಸಜ್ಜೆ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಎಲ್ಲ ಕಟ್ಟಿದ್ದಾಳೆ. ಇಡೀ ಹಾಸ್ಟೆಲ್ಲಿಗೆ ಹಂಚಿದರೂ ಮಿಕ್ಕೀತು. ಪತ್ರವನ್ನು ಪಾರ್ಸೆಲ್ಲಿನ ಮೇಲ್ಗಡೆಯೇ ಇಟ್ಟಿದ್ದೇನೆ, ಮೊದಲು ಇದನ್ನು ಓದು. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಎಂದಿನಂತೆ ದೂರು ಹೇಳುತ್ತಿದೆ, ನಾನು ಎಂದಿನಂತೆ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಸೋಮವಾರದ ತಪಾಸಣೆ ಏನಾಯಿತು ಎಂದು ನೀನು ನಾಲ್ಕು ಸಲ ಫೋನ್ ಮಾಡಿದೆ. ನಿನ್ನ ಗಂಡ ಅಮರೇಶ ನಾಲ್ಕು ಸಲವೂ "ಅಪ್ಪ ಬರೀತಾನ, ತಡಿ" ಎಂದು ಜಾರಿಕೊಂಡ. ಅವನನ್ನು ಬೈಯಬೇಡ, ಹಾಗೆ ತಾಕೀತು ಮಾಡಿದವನು ನಾನೇ. ಈ ಸಂಗತಿಯನ್ನು ನಾನೇ ಹೇಳಬೇಕು, ಅದೂ ಮೊದಲಿನಿಂದ ಹೇಳಬೇಕು. ಕೊನೆಯ ಹಾಳೆಗೆ ಹಾರಿದರೆ ಚಟ್ನಿಪುಡಿಯ ಮೇಲೆ ಆಣೆ.

ಜುಲೈಯಲ್ಲಿ ನಡುಹೊಳೆಯಲ್ಲಿ ಎಂಜಿನ್ ಕಾದು ನಿಂತು, ನಮ್ಮ ದೋಣಿ ಹದಿನೆಂಟು ಜನರ ಸಮೇತ ಅರ್ಧ ಮೈಲಿ ತೇಲಿಹೋದದ್ದು ನಿನಗೆ ಗೊತ್ತೇ ಇದೆ. ನೀನೂ ಅದರಲ್ಲಿದ್ದೆ. ಯಾರಿಗೂ ಏನೂ ಆಗಲಿಲ್ಲ, ಆದರೆ ತಪಾಸಣೆಯ ಸಾಹೇಬರು ಬಂದು ಓಡಾಟವನ್ನೇ ನಿಲ್ಲಿಸಿದರು. ಎಂಜಿನ್ ತಂಪಾಗಿಡುವ ನೀರಿನ ಒತ್ತಡ ತೋರಿಸುವ ಮೀಟರ್ ಕೂರಿಸಬೇಕು, ಹೊಳೆಯಲ್ಲಿ ಓಡಿಸಿ ತೋರಿಸಬೇಕು, ಆಗಷ್ಟೇ ಪರವಾನಗಿ ಎಂದರು. ಅಂದಿನಿಂದ ಆಚೆ ದಂಡೆಗೆ ಹತ್ತಿ ಬಿಡಿಸಲು ಹೋಗುವ ಹೆಂಗಸರು ಸೇತುವೆ ಸುತ್ತಿಕೊಂಡು ಒಂದೂವರೆ ತಾಸು ಆಟೋದಲ್ಲಿ ಕುಲುಕಾಡಬೇಕು. ದಿನಾ ನಮ್ಮ ಮನೆ ಮುಂದೆ ಹಾಯುವಾಗ ಅವರು ನನ್ನನ್ನು ನೋಡುವ ನೋಟ ಬೇಡವೇ ಬೇಡ. ಆ ಮೀಟರ್ ಹಾಕೋಣ ಎಂದು ನೀನು ಒಂದು ವರ್ಷ ಮೊದಲೇ ಹೇಳಿದ್ದೆ. ನಾನು ನಾಲ್ಕು ಜನರ ಮುಂದೆ ಅಂಗೈ ಎತ್ತಿ ತೋರಿಸಿ, "ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡೀನಿ, ಇದ ನನ್ನ ಮೀಟರ್" ಅಂದಿದ್ದೆ. ಎಲ್ಲರೂ ನಕ್ಕರು, ನೀನು ನಗಲಿಲ್ಲ. ಆಮೇಲೆ ಕೊಚ್ಚಿಯ ದೋಣಿ ಎಂಜಿನ್ ತರಬೇತಿಗೆ ಹೊರಡುವ ದಿನ ಮೀಟರ್ ಡಬ್ಬಿಯನ್ನು ನನ್ನ ಕೈಗಿಟ್ಟು, "ಮಾವಾರ, ನಾನು ಬರೋದ್ರಾಗ ಕೂಡಸ್ರಿ. ಮುಳ್ಳು ಬಿದ್ರ ಎಂಜಿನ್ ನಿಲ್ಲಸ್ರಿ, ಅದರ ಜೋಡಿ ವಾದ ಮಾಡಬ್ಯಾಡ್ರಿ" ಅಂದೆ. ಎಷ್ಟು ಸೊಕ್ಕು ನಿನಗೆ! ಆದರೂ ಸಿಟ್ಟು ಬರಲಿಲ್ಲ, ಯಾಕೋ.

ನೀನು ಬರೆದಿಟ್ಟ ಚೀಟಿಯಂತೆಯೇ ಕೆಲಸ ಮಾಡಿದೆ. ಚುಕ್ಕಾಣಿಯ ಪಕ್ಕದ ತಗಡಿನಲ್ಲಿ ದುಂಡಗೆ ತೂತು ಕೊರೆದೆ. ಒಂದು ಕೂದಲೆಳೆ ದೊಡ್ಡದಾಯಿತು, ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಬಿಗಿ ಮಾಡಿದೆ. ಪಂಪಿನಿಂದ ಎಂಜಿನ್‌ಗೆ ನೀರು ಹೋಗುವ ದಾರಿಯಲ್ಲಿ ಕವಲು ಕೂರಿಸಿ, ಅಲ್ಲಿಂದ ಮೀಟರಿನವರೆಗೆ ನೀನು ಕೊಟ್ಟ ಸಣ್ಣ ಪೈಪು ಎಳೆದೆ. ಎಲ್ಲೂ ಮಡಿಕೆ ಬೀಳದಂತೆ ಗೇಣಿಗೊಂದು ಕ್ಲಿಪ್ಪು ಹಾಕಿದೆ. ನೋಡಿದವರು ಭೇಷ್ ಅನ್ನಬೇಕು, ಹಾಗಿತ್ತು. ನಡುವೆ ನನ್ನ ಅಭ್ಯಾಸದ ಇನ್ನೊಂದು ಸಣ್ಣ ಕೆಲಸವನ್ನೂ ಮಾಡಿದೆ, ಅದನ್ನು ಮುಂದೆ ಹೇಳುತ್ತೇನೆ. ಎಂಜಿನ್ ಚಾಲೂ ಮಾಡಿದೆವು. ಹಿಂದುಗಡೆ ನೀರು ಹೆಬ್ಬೆರಳು ದಪ್ಪ ಧಾರೆ ಕಟ್ಟಿ ಬೀಳುತ್ತಿದೆ. ಮುಳ್ಳು ಮಾತ್ರ ಸೊನ್ನೆಯ ಮೇಲೆ ಕೂತದ್ದು ಕೂತೇ ಇದೆ.

ಗಾಜು ತಟ್ಟಿದೆ, ಅಲುಗಾಡಿಸಿದೆ, ಬೈದೆ. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. "ನೋಡಿದ್ಯಾ, ನೀರು ಐತಿ, ಮೀಟರ್ ಇಲ್ಲ ಅಂತೈತಿ. ಯಾರನ್ನ ನಂಬಬೇಕು?" ಎಂದು ಅಮರೇಶನಿಗೆ ಪಾಠ ಮಾಡಿದೆ. ಆದರೆ ಸೋಮವಾರಕ್ಕೆ ಮೂರೇ ದಿನ ಉಳಿದಿತ್ತು. ಮುಳ್ಳು ಏಳದಿದ್ದರೆ ದೋಣಿ ದಂಡೆಯಲ್ಲೇ ಕೊಳೆಯಬೇಕು. ಶುಕ್ರವಾರ ಮೀಟರ್ ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು, ನೀನು ಅದನ್ನು ಕೊಂಡ ಬಳ್ಳಾರಿಯ ಅಂಗಡಿಗೇ ಹೋದೆ. ಅಂಗಡಿಯ ಪ್ರಹ್ಲಾದರಾವ್ ಅದನ್ನು ಒಂದು ಕೈಪಂಪಿಗೆ ಸಿಕ್ಕಿಸಿ ಒತ್ತಿದರು. ಮುಳ್ಳು ಸರ್ರನೆ ಇಪ್ಪತ್ತಕ್ಕೆ ಏರಿತು. "ಯಜಮಾನ್ರ, ಮೀಟರಿಗೆ ಏನೂ ಆಗಿಲ್ರಿ. ಅದರ ತನಕ ನೀರು ಬರವಲ್ದು. ಪೈಪಿನ ತುದಿ ಬಿಚ್ಚಿ ನೋಡ್ರಿ" ಅಂದರು. ಮೀಟರ್ ಚೆನ್ನಾಗಿದೆ ಎಂದರೆ ಕೆಟ್ಟವನು ಯಾರು? ಬಸ್ಸಿನಲ್ಲಿ ಮುಖ ಊದಿಸಿಕೊಂಡು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕುರುಗೋಡಿನಲ್ಲಿ ಹತ್ತಿದ ಒಬ್ಬ ಮುದುಕಿ, "ಇದು ಬಿಪಿ ನೋಡೋದೇನೋ ಯಪ್ಪಾ? ನಂದೂ ಒಂಚೂರು ನೋಡು" ಎಂದು ತೋಳು ಚಾಚಿದಳು. ಆ ಹೊತ್ತಿಗೆ ಬಿಪಿ ನೋಡಬೇಕಾಗಿದ್ದದ್ದು ನನಗೆ.

ಶನಿವಾರ ಮೀಟರನ್ನು ಮತ್ತೆ ಕೂರಿಸಿ ನೋಡಿದೆ, ಮುಳ್ಳು ಏಳಲಿಲ್ಲ. ಭಾನುವಾರ ಬೆಳಿಗ್ಗೆ ಎಂಜಿನ್ ಓಡುತ್ತಿರುವಾಗಲೇ ಸಣ್ಣ ಪೈಪಿನ ಮೇಲಿನ ತುದಿ ಬಿಚ್ಚಿದೆ. ಒಂದು ಹನಿಯೂ ಇಲ್ಲ. ಕೆಳಗಿನ ತುದಿ ಬಿಚ್ಚಿದೆ, ಕವಲಿನಿಂದ ನೀರು ಪಿಚಕಾರಿಯಂತೆ ಮುಖಕ್ಕೆ ಹಾರಿತು. ಅಂದರೆ ರೋಗ ಪೈಪಿನೊಳಗೇ ಇದೆ. ಬಿಚ್ಚಿ ಮನೆಗೆ ತಂದು ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಟಪ್ ಎಂದು ಏನೋ ಒಂದು ಹೋಗಿ, ಅಂಗಳ ಸಾರಿಸುತ್ತಿದ್ದ ನಿನ್ನತ್ತೆಯ ಮುಂದೆ ಬಿತ್ತು. ಅವಳು ಬೆರಳಿನಲ್ಲಿ ಎತ್ತಿ ನೋಡಿದಳು, ಮೂಸಿದಳು. "ಅಯ್ಯ, ನಮ್ಮ ಎಮ್ಮಿ ತಿಂದ ಹುಲ್ಲು ಐತಲ್ಲ! ಇದು ಮೀಟರಿನ ಪೈಪಿನ್ಯಾಗ ಹೆಂಗ ಹೋತು?" ಎಂದು ನನ್ನ ಮುಖ ನೋಡಿದಳು. ನಾನು ಬೇವಿನ ಮರ ನೋಡಿದೆ.

ಆ ಸಣ್ಣ ಕೆಲಸ ಇದೇ, ತಾಯಿ. ಕವಲು ಕೂರಿಸಲು ಪೈಪು ಬಿಚ್ಚಿದಾಗ ಪಂಪು ನೀರು ಬಿಟ್ಟುಕೊಟ್ಟಿತ್ತು, ಮತ್ತೆ ಎಳೆಯಲೊಲ್ಲದು. ಹೊಲದ ಪಂಪ್‌ಸೆಟ್ಟು ನೀರು ಹಿಡಿಯದಿದ್ದರೆ ನಾವೇನು ಮಾಡುತ್ತೇವೆ? ಒಂದು ಚೆಂಬು ಸಗಣಿ ನೀರು ಸುರಿಯುತ್ತೇವೆ. ಸಂದುಗೊಂದು ಮುಚ್ಚಿಕೊಂಡು ಪಂಪು ಹಿಡಿಯುತ್ತದೆ. ಕೈ ತಾನಾಗಿಯೇ ಹೋಯಿತು, ಸುರಿದುಬಿಟ್ಟೆ. ಪಂಪೇನೋ ಹಿಡಿಯಿತು. ಸಗಣಿಯ ನಾರು ಹೋಗಿ, ಕಡ್ಡಿಪೆಟ್ಟಿಗೆಯ ಕಡ್ಡಿ ತೂರುವಷ್ಟೇ ಸಂದಿರುವ ನಿನ್ನ ಪೈಪಿನಲ್ಲಿ ಬಿರಡೆ ಹಾಕಿ ಕೂತಿತು. ನಲವತ್ತು ವರ್ಷದ ಅನುಭವವೆಲ್ಲ ಒಂದು ಚೆಂಬಿನಲ್ಲಿತ್ತು ನೋಡು. ನಿನ್ನತ್ತೆ ನಗುವ ರಭಸಕ್ಕೆ ಸಾರಿಸುವುದನ್ನು ಬಿಟ್ಟು ಕಟ್ಟೆಯ ಮೇಲೆ ಕೂತಳು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಪೈಪು ತೊಳೆದು, ಪಂಪಿನಿಂದ ಎಂಜಿನ್‌ವರೆಗಿನ ದಾರಿಯನ್ನೂ ಒಳ್ಳೆಯ ನೀರು ಬಿಟ್ಟು ಸ್ವಚ್ಛ ಮಾಡಿ ಮತ್ತೆ ಜೋಡಿಸಿದೆ. ಮುಳ್ಳು ನಡುಗಿತು, ಎದ್ದಿತು, ಹನ್ನೆರಡಕ್ಕೆ ಹೋಗಿ ನಿಂತಿತು. ಅಂಜನಾ, ನಾನು ದೋಣಿಯಲ್ಲೇ ಕುಣಿದೆ. ಮೊಣಕಾಲು ಇದೆ ಎಂಬುದೇ ನೆನಪಾಗಲಿಲ್ಲ.

ಸೋಮವಾರ ಸಾಹೇಬರು ಬಂದರು. ದಂಡೆಯ ತುಂಬ ಜನ. ಅಮರೇಶ ಚುಕ್ಕಾಣಿ ಹಿಡಿದ, ಸಾಹೇಬರು ಮೀಟರಿನ ಎದುರು ಕೂತರು, ನಾನು ಎಂಜಿನ್ ಪಕ್ಕ. ನಡುಹೊಳೆ ದಾಟುವಷ್ಟರಲ್ಲಿ ಅಮರೇಶ ಕೂಗಿದ: "ಅಪ್ಪಾ, ಮುಳ್ಳು ಬಿದ್ದೈತಿ!" ನನ್ನ ಅಂಗೈ ಎಂಜಿನ್ ಮೇಲೇ ಇತ್ತು. ಬಿಸಿ ಏನೂ ಇರಲಿಲ್ಲ, ಯಾವಾಗಲೂ ಇರುವಷ್ಟೇ. ಅಂಗೈ ಹೇಳುತ್ತಿತ್ತು, ನಡಿ, ಏನೂ ಆಗಿಲ್ಲ ಅಂತ. ಮತ್ತೆ ಸಗಣಿ ನಾರೇ ಸಿಕ್ಕಿರಬೇಕು ಎಂದೂ ಅನ್ನಿಸಿತು. ಸಾಹೇಬರ ಮುಂದೆ ನಡುನೀರಿನಲ್ಲಿ ನಿಲ್ಲಿಸಿದರೆ ಮಾನ ಹೋಗುತ್ತದೆ. ಒಂದು ಗಳಿಗೆ, ಒಂದೇ ಗಳಿಗೆ, ವಾದ ಮಾಡಿದೆ. ಆಮೇಲೆ "ಬಂದ್ ಮಾಡು, ಲಂಗರು ಬಿಡು" ಅಂದೆ. ನೀರೆಳೆಯುವ ಬಾಯಿಗೆ ಕೈ ಹಾಕಿ ನೋಡಿದರೆ ಗೊಬ್ಬರದ ಪ್ಲಾಸ್ಟಿಕ್ ಚೀಲವೊಂದು ಗಟ್ಟಿಯಾಗಿ ಸುತ್ತಿಕೊಂಡಿತ್ತು. ಕಿತ್ತು ತೆಗೆದೆ, ಚಾಲೂ ಮಾಡಿದೆವು, ಮುಳ್ಳು ಮತ್ತೆ ಹನ್ನೆರಡಕ್ಕೆ ಬಂತು. ಸಾಹೇಬರು ಚೀಲವನ್ನು ನೋಡಿದರು, ನನ್ನನ್ನು ನೋಡಿದರು. "ಇದ ನೋಡ್ರಿ ನನಗ ಬೇಕಾಗಿದ್ದು. ಪಾಸ್!" ಅಂದರು. ದಂಡೆಯಲ್ಲಿ ಹೆಂಗಸರು ಹೊಡೆದ ಸಿಳ್ಳೆ ಸಿರುಗುಪ್ಪದವರೆಗೂ ಕೇಳಿಸಿರಬೇಕು. ಸಾಹೇಬರು ನಮ್ಮ ಮನೆಯಲ್ಲೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಹೋದರು.

ಈಗ ಹೇಳಬೇಕಾದ ಮಾತು. ಜುಲೈಯಲ್ಲಿಯೂ ಹೀಗೆಯೇ ಏನೋ ಸುತ್ತಿಕೊಂಡಿತ್ತು, ಆ ದಿನವೂ ನನ್ನ ಅಂಗೈ ಏನೂ ಆಗಿಲ್ಲ ಎಂದೇ ಹೇಳಿತ್ತು. ಕೈಗೆ ಬಿಸಿ ತಾಗುವ ಹೊತ್ತಿಗೆ ಕಾಲ ಮೀರಿತ್ತು. ನಾನು ಊರಿಗೆಲ್ಲ ಹೊಳೆಯ ತಪ್ಪು, ಡೀಸೆಲ್ ತಪ್ಪು ಎಂದು ಹೇಳಿಕೊಂಡು ತಿರುಗಿದೆ. ತಪ್ಪು ನನ್ನದು. ನಿನ್ನ ಮಾತು ಕೇಳಿದ್ದರೆ ಆ ಹದಿನೆಂಟು ಜನರ ಜೀವ ಬಾಯಿಗೆ ಬರುತ್ತಿರಲಿಲ್ಲ. ಸೊಸೆಯ ಮುಂದೆ ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆದೆ. ಬರೆದ ಮೇಲೆ ಎದೆ ಹಗುರಾಯಿತು.

ಚೆನ್ನಾಗಿ ಕಲಿ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು, ಸಗಣಿಯ ವಿಷಯ ಮಾತ್ರ ತಿಳಿಸಬೇಡ. ಬಸವಣ್ಣ ನಿನ್ನನ್ನು ತಂಪಾಗಿಟ್ಟಿರಲಿ.

ಇಂತು ನಿನ್ನ ಮಾವ,
ಮರಿಬಸಪ್ಪ

ಪುನಶ್ಚ: ಅಂಚೆ ಕಚೇರಿ ಮುಚ್ಚುತ್ತದೆಂದು ಅಮರೇಶ ಬೈಕ್ ಚಾಲೂ ಮಾಡಿ ಕೂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಜೊತೆಗಿರುವ ಹಸಿರು ಕಾಗದ ಪರವಾನಗಿಯದು. ಎಂಜಿನ್‌ನ ಜವಾಬ್ದಾರಿ ಯಾರದು ಎಂಬ ಸಾಲಿನಲ್ಲಿ ಸಹಿ ಬೀಳದೆ ದೋಣಿ ಬಿಡುವಂತಿಲ್ಲ. ಸಾಹೇಬರು ಪೆನ್ನನ್ನು ನನ್ನ ಕೈಗೇ ಕೊಟ್ಟರು, "ಹಾಕ್ರಿ ಯಜಮಾನ್ರ" ಅಂದರು. ನಾನು ಅಲ್ಲಿ ನಿನ್ನ ಹೆಸರು ಬರೆದೆ. ಸಹಿ ಮಾಡಿ ತಿರುಗಿ ಕಳಿಸು, ಹೆಂಗಸರು ಕಾಯುತ್ತಿದ್ದಾರೆ. ನೀನು ಬರುವ ತನಕ ಮುಳ್ಳು ಹೇಳಿದಂತೆ ಕೇಳುತ್ತೇನೆ, ಬಂದ ಮೇಲೆ ನೀನು ಹೇಳಿದಂತೆ. ಅದರ ಕೆಳಗೆ ಸಹಾಯಕರು ಎಂದು ಇನ್ನೊಂದು ಸಾಲಿದೆ. ಅಲ್ಲಿ ನನ್ನ ಹೆಸರು ಬರೆದಿದ್ದೇನೆ. ನಿನಗೆ ಒಪ್ಪಿಗೆ ಇಲ್ಲದಿದ್ದರೆ ಹೊಡೆದುಹಾಕು.