ಕ್ಯಾಮೆರಾದ ಹಣೆಗೆ ಬೊಟ್ಟು

ಕೋಲಾರ
೨೦-೧೦-೨೦೦೮

ಮುಳಬಾಗಿಲಿನ ಬೀಗಿತ್ತಿ ಶ್ಯಾಮಲಮ್ಮನವರಿಗೆ ಜಾನಕಮ್ಮನ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಅದರ ಕಾಗುಣಿತ ತಿದ್ದುವ ಕೆಲಸದಿಂದ ನಾನು ನಿವೃತ್ತಳಾಗಿದ್ದೇನೆ, ಸಂಗತಿಗಳನ್ನಷ್ಟೇ ತಿದ್ದುತ್ತೇನೆ. ಆಯುಧಪೂಜೆಯ ದಿನ ತಮ್ಮ ಸೊಸೆ ಸಂಹಿತಾ ಹೊಸ ಮೊಬೈಲನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಳಿಸಿದಳು, ಅದರಿಂದ ಕ್ಯಾಮೆರಾ ಕೆಟ್ಟು ಮರುದಿನ ತಮ್ಮ ಮಗಳು ಮೃದುಲಾಳ ನಿಶ್ಚಿತಾರ್ಥದ ಫೋಟೋಗಳೆಲ್ಲ ಮಸುಕಾದವು ಎಂದು ಬರೆದಿದ್ದೀರಿ. ಅವಳನ್ನು ಬಸ್ಸು ಹತ್ತಿಸಿ ನನ್ನ ಬಳಿ ಕಳಿಸಿ, ಹೊಸ ಮೊಬೈಲ್ ತಂದರೆ ಮಾತ್ರ ಹೊಸಿಲು ದಾಟಬಹುದೆಂದು ಅಪ್ಪಣೆ ಕೊಡಿಸಿದ್ದೀರಿ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದ ದೊಡ್ಡಮ್ಮ ನಾನು. ಉತ್ತರಿಸುವ ಹೊಣೆಯೂ ನನ್ನದೇ.

ಮೊಬೈಲ್ ಈಗ ನನ್ನ ಮೇಜಿನ ಮೇಲಿದೆ. ಇಲ್ಲಿಗೆ ಹೇಗೆ ಬಂತೆಂಬ ಆತಂಕವನ್ನು ತುಸು ತಡೆದುಕೊಳ್ಳಿರಿ.

ಮಸುಕಿಗೆ ತಮ್ಮ ಮನೆಯಲ್ಲಿ ಮಂಡಿತವಾದ ಕಾರಣಗಳನ್ನು ಕೇಳಿ ಬೆರಗಾದೆ. ತಮ್ಮ ಯಜಮಾನರಾದ ರಾಮಚಂದ್ರರಾಯರು “ಇಲ್ಲಿ ಸಿಗ್ನಲ್ ಎಲ್ಲಿದೆ ಕಣೇ, ಅದಕ್ಕೇ ಮಂಜು ಮಂಜಾಗಿ ಬರ್ತಿದೆ” ಎನ್ನುತ್ತ ಅದನ್ನು ತಾರಸಿಗೆ ಒಯ್ದರಂತೆ. ಮೃದುಲಾ “ಚಾರ್ಜ್ ಕಮ್ಮಿ ಆಗಿರ್ಬೇಕು” ಎಂದಳಂತೆ. ತಾವಂತೂ “ದೃಷ್ಟಿ ತಾಕಿದೆ” ಎಂದು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿ, ಆ ಹೊಗೆಯಲ್ಲಿಯೇ ಮತ್ತೊಂದು ಫೋಟೋ ತೆಗೆಸಿದಿರಿ. ಓದು ಬರಹ ಬಲ್ಲವರೇ ತುಂಬಿರುವ ಮನೆಯಲ್ಲಿ, ಗಾಜನ್ನೊಮ್ಮೆ ನೋಡೋಣವೆಂದು ಯಾರಿಗೂ ಹೊಳೆಯಲಿಲ್ಲ.

ನಾನು ನೋಡಿದೆ. ಮೊದಲು ಗೋಡೆಯ ಕ್ಯಾಲೆಂಡರಿನ ಚಿತ್ರ ತೆಗೆದೆ. ಅಂಕಿಗಳಿಗೆ ಮಂಜು ಮುಸುಕಿತ್ತು. ಮೆತ್ತನೆಯ ಬಟ್ಟೆಯಿಂದ ಗಾಜೊರೆಸಿ ತೆಗೆದೆ, ಹಾಗೆಯೇ. ಕೈ ಅಲುಗಿತೇನೋ ಎಂದು ನಿಘಂಟಿನ ಮೇಲೆ ಊರಿಟ್ಟು ತೆಗೆದೆ, ಬದಲಾವಣೆಯಿಲ್ಲ. ಮೂಲೆಗಳಲ್ಲಿ ಎಲ್ಲಿಯೂ ತಗ್ಗಿಲ್ಲ, ಪೆಟ್ಟಿನ ಗುರುತಿಲ್ಲ. ಒಗೆಯುವ ಕಲ್ಲಿನ ಮೇಲೆ ಯಾವ ವಸ್ತುವೂ ಇಷ್ಟು ಸಭ್ಯವಾಗಿ ಬೀಳುವುದಿಲ್ಲ. ಬಳಿಕ ಭೂತಗನ್ನಡಿ ಹಿಡಿದೆ. ಬೆನ್ನಿನ ಪುಟ್ಟ ಗಾಜಿನ ತುಂಬ ಸುತ್ತು ಸುತ್ತಾದ ಗೀರುಗಳು. ಅಂಚಿನ ಸಂದಿಯಲ್ಲಿ ಒಣಗಿದ ಗಂಧ, ಕುಂಕುಮ.

ನಡೆದದ್ದು ಇಷ್ಟು. ಈಳಿಗೆಮಣೆ, ಹೊಲಿಗೆಯಂತ್ರ, ಸ್ಕೂಟರಿನ ಕೀಲಿಯ ಜೊತೆ ಮೊಬೈಲನ್ನೂ ಪೂಜೆಗಿಟ್ಟು, ಬೊಟ್ಟನ್ನು ನೇರವಾಗಿ ಕ್ಯಾಮೆರಾದ ಗಾಜಿಗೇ ಇಟ್ಟಿರಿ. ತಮ್ಮ ಮಗ, ಅಂದರೆ ಸಂಹಿತಾಳ ಗಂಡ ಮುಕುಂದ “ಅಮ್ಮಾ, ಅಲ್ಲಿ ಬೇಡ” ಎಂದಾಗ, “ಸುಮ್ನಿರೋ, ಹಣೆ ಬಿಟ್ಟು ಮಂಡಿಗೆ ಇಡ್ತಾರೇನೋ?” ಎಂದು ಗದರಿದಿರಿ. ಮರುದಿನ ಬೆಳಿಗ್ಗೆ ಬೊಟ್ಟು ಒಣಗಿ ಅಂಟಿಕೊಂಡಾಗ, ದೀಪದ ಕಂಬಗಳ ಜೊತೆ ಆ ಗಾಜಿಗೂ ಹುಣಸೆಹಣ್ಣು, ಪಾತ್ರೆ ಉಜ್ಜುವ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದಿರಿ. “ನೋಡು, ಹೆಂಗೆ ಪಳಪಳ ಅಂತಿದೆ” ಎಂದು ಮೆಚ್ಚಿಕೊಂಡದ್ದೂ ಉಂಟು. ಕ್ಯಾಮೆರಾದ ಗಾಜಿಗೂ ಹಿತ್ತಾಳೆಯ ಗಿಂಡಿಗೂ ವ್ಯತ್ಯಾಸ ಕಾಣದವರನ್ನು ನನ್ನ ವೃತ್ತಿಜೀವನದಲ್ಲಿ ನಾನು ಕಂಡಿರಲಿಲ್ಲ.

ಇನ್ನು ಸಂಹಿತಾ. ಪೂಜೆಯ ಹಿಂದಿನ ದಿನವೇ ಅವಳು ಮುಟ್ಟಾಗಿ, ತಮ್ಮ ಕಟ್ಟಳೆಯಂತೆ ನಿಶ್ಚಿತಾರ್ಥ ಮುಗಿಯುವವರೆಗೂ ಹಿಂದಿನ ಕೋಣೆಯಲ್ಲಿ ಹೊರಗೆ ಕೂತಿದ್ದಳು. ಊಟದ ತಟ್ಟೆಯನ್ನು ತಾವು ಹೊಸಿಲಿನಾಚೆಯಿಂದ ತಳ್ಳುತ್ತಿದ್ದಿರಿ. ಅಂಥ ಮಡಿಯ ಮನೆಯಲ್ಲಿ, ದೇವರ ಮುಂದಿಟ್ಟ ಮೊಬೈಲನ್ನು ಅವಳ ಕೈಗೆ ಕೊಟ್ಟವರು ಯಾರು? ತಮ್ಮ ಮಡಿ ಸುಳ್ಳೋ, ತಮ್ಮ ಪತ್ರ ಸುಳ್ಳೋ? ಎರಡರಲ್ಲೊಂದನ್ನು ಆರಿಸಿಕೊಳ್ಳಿರಿ.

ಹೊಸ ಮೊಬೈಲ್ ಬರುವುದಿಲ್ಲ. ಸಂಹಿತಾ ಬೀಳಿಸಿದಳೆಂದು ಯಾವ ಯಾವ ನೆಂಟರಿಗೆ ಹೇಳಿದಿರೋ, ಅವರೆಲ್ಲರಿಗೂ ತಾವು ತಿಕ್ಕಿದ್ದನ್ನು ತಾವೇ ಹೇಳಿರಿ. ಅಲ್ಲಿಯವರೆಗೆ ಅವಳನ್ನು ಆ ಮನೆಗೆ ಕಳಿಸುವ ಮಾತೇ ಇಲ್ಲ.

ಇಂತು ತಮ್ಮ,
ಎಂ. ಜಾನಕಮ್ಮ
ನಿವೃತ್ತ ಮುಖ್ಯೋಪಾಧ್ಯಾಯಿನಿ

ತಾ. ಕ.: ತಮ್ಮ ಪೂಜೆಯ ಕೋಣೆಯ ಮಾತುಗಳು ನನಗೆ ತಿಳಿದದ್ದು ಹೇಗೆಂದು ಸೊಸೆಯನ್ನು ಶಂಕಿಸಬೇಡಿರಿ. ಮೊಬೈಲ್ ತಂದವನೇ ಹೇಳಿದ. ಶನಿವಾರ ಬಟ್ಟೆಯ ಚೀಲ ಹಿಡಿದು ಬಂದವನು, “ಅಲ್ಲಿ ಬಾಯಿ ಬಿಡಕ್ಕೆ ಆಗ್ಲಿಲ್ಲ ದೊಡ್ಡಮ್ಮ” ಎಂದು ತಲೆ ತಗ್ಗಿಸಿದ. ಬಾಯಿ ತಡವಾಗಿಯಾದರೂ ಬಂತಲ್ಲ ಎಂದು ಒಳಗೆ ಕರೆದೆ. ದೀಪಾವಳಿಯ ಎಣ್ಣೆಸ್ನಾನ ಇಲ್ಲಿಯೇ ಅಂತೆ. ಆಮೇಲೆ ಕೋಲಾರದಲ್ಲಿಯೇ ಬಾಡಿಗೆ ಮನೆ ನೋಡುತ್ತಾನಂತೆ. ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಗಟ್ಟಿಯಾಗಿ ಓದಿ, ಸುಳ್ಳಿದ್ದರೆ ಹೇಳಿರೆಂದೆ. ಯಾರೂ ಒಂದು ಅಕ್ಷರವನ್ನೂ ಹೊಡೆದುಹಾಕಿಸಲಿಲ್ಲ. ಆಗ ಎದುರಿಗಿದ್ದವರು: ಪಕ್ಕದ ಮನೆಯ ಆಂಜಿನಮ್ಮ, ಸಂಹಿತಾ, ಮುಕುಂದ.