ಗುಂಡಕ್ಕನ ಪಾಲಿಗೆ ಬಂದ ಸಕ್ಕರೆ

ಜುಲೈ 8, ಸೋಮವಾರ
ಬೆಳಗ್ಗೆಯಿಂದ ಟ್ಯೂಬುಗಳಿಗೆ ಲೇಬಲ್ ಅಂಟಿಸಿದ್ದೇ ಅಂಟಿಸಿದ್ದು. ಆಸ್ಪತ್ರೆಯಲ್ಲಿ ಹೆಂಗಸರ ಹೊಸ ಸ್ಟಡಿ ಶುರುವಾಗಲಿದೆ — ಸಕ್ಕರೆ ಕಾಯಿಲೆಯ ಸುಳಿವು ರಕ್ತದಲ್ಲಿ ಎಷ್ಟು ಬೇಗ ಸಿಗುತ್ತದೆ ಅಂತ. ಹೊಸ ಮಷಿನ್‌ಗೆ ಮೊದಲ ಬಲಿ ಎಂದಿನಂತೆ ಲ್ಯಾಬಿನವರೇ. ಪಕ್ಕದ ಸ್ಟೂಲಿನ ಗುಂಡಕ್ಕ ನನ್ನ ಕೈ ಚುಚ್ಚಿದಳು, ನಾನು ಅವಳದ್ದು. "ಎಲ್ಲಿದೆಯೇ ಕಡ್ಡಿ ನಿನ್ನ ಮೈಯಲ್ಲಿ ರಕ್ತ? ಹುಡುಕಬೇಕು!" ಅಂದಳು. ನಾನು ಕಡ್ಡಿ, ಅವಳು ಗುಂಡಕ್ಕ. ನಮ್ಮ ಜೋಡಿ ನೋಡಿ ನಗದವರಿಲ್ಲ.

ಜುಲೈ 9
ರಿಸಲ್ಟ್ ಬಂತು. ನನ್ನ ಟ್ಯೂಬಿನಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ 8.2; 6.5 ಮುಟ್ಟಿದರೇ ಕಾಯಿಲೆ. ರಕ್ತದ ಕೊಬ್ಬು ಟ್ರೈಗ್ಲಿಸರೈಡೂ ಜಾಸ್ತಿ. ಗುಂಡಕ್ಕನದ್ದು ಎಲ್ಲಾ ನಾರ್ಮಲ್. ನಮ್ಮ ಲ್ಯಾಬಿನ ಚೀಫ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಟ್ಯೂಬ್ ಅದಲು ಬದಲು ಮಾಡಿದ್ದೀರಲ್ರೀ! ಯಾರದ್ದು ಯಾವುದು ಅಂತ ಹೇಳೋಕೆ ಮಷಿನ್ ಬೇಕಾ, ಕಣ್ಣಿದ್ರೆ ಸಾಕು." ನಾನೂ ನಕ್ಕೆ. ಗುಂಡಕ್ಕನ ಮುಖ ಸಪ್ಪಗಾಯಿತು. ಇನ್ನೊಮ್ಮೆ ರಕ್ತ ಕೊಡು ಅಂದರೆ ಬಿಲ್‌ಕುಲ್ ಒಲ್ಲೆ ಅಂದಳು. "ಮೂರು ತಿಂಗಳು ಬಾಯಿ ಕಟ್ತೀನಿ. ಆಮೇಲೆ ನೋಡ್ಕೊಳ್ಳೋಣ."
ಆದರೆ... ಲೇಬಲ್ ಅಂಟಿಸಿದವಳು ನಾನು. ನನಗೆ ಲೇಬಲ್ ತಪ್ಪುವುದಿಲ್ಲ.

ಜುಲೈ 11
ಎರಡು ಬಸ್ ಬದಲಿಸಿ ಬೇರೆ ಲ್ಯಾಬಿಗೆ ಹೋದೆ. ಕಳ್ಳಿಯ ಹಾಗೆ. ಅಲ್ಲಿಯವಳು ಎರಡು ಸಲ ಚುಚ್ಚಿದಳು, ತೋಳಿಗೆ ಪಟ್ಟಿ ಕಟ್ಟಿದ್ದೇ ಸರಿಯಿರಲಿಲ್ಲ. ನಾನೂ ಲ್ಯಾಬಿನವಳು ಅಂತ ಬಾಯಿ ಬಿಡಲಿಲ್ಲ. ಸಂಜೆ ಫೋನಿಗೆ ಬಂತು — 8.1.
ನನ್ನದೇ.
ತೆಳ್ಳಗಿದ್ದವರಿಗೂ ಕೊಬ್ಬು ಒಳಗೊಳಗೇ ಕೂತು ಸಕ್ಕರೆ ಕಾಯಿಲೆ ತರಬಹುದು — ಸ್ಟಡಿಗೆ ಬರುವ ಹೆಂಗಸರಿಗೆ ಹೇಳಲು ಇದನ್ನು ಬಾಯಿಪಾಠ ಮಾಡಿದವಳು ನಾನೇ! ಸಕ್ಕರೆ ಕಾಯಿಲೆಯಿಂದ ಅಮ್ಮನ ಕಾಲು ತೆಗೆದರು. ದಿನಾ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಆ ವಾಸನೆ... ಭಯವಾಗುತ್ತಿದೆ. "ಯಾಕೆ ಮಂಕಾಗಿದ್ದೀಯ?" ಅಂದರು ಇವರು. ತಲೆನೋವು ಅಂದೆ.

ಜುಲೈ 12
ಗುಂಡಕ್ಕನಿಗೆ ಹೇಳಲೇಬೇಕು ಅಂತ ಹೋದೆ. ಹೇಳಲಿಲ್ಲ.

ಜುಲೈ 18
ಗುಂಡಕ್ಕನ ಡಬ್ಬಿಯಲ್ಲಿ ಬರೀ ಸೌತೆಕಾಯಿ. ಮುಖ ಇಳಿದಿದೆ. ಸಣ್ಣಗಾದೆ ಅಂತ ಎಲ್ಲರೂ ಹೊಗಳುತ್ತಾರೆ. ತನ್ನ ಬಿಸ್ಕತ್ತು ಪೊಟ್ಟಣ ನನ್ನ ಮುಂದಿಟ್ಟಳು. "ನೀನಾದ್ರೂ ತಿನ್ನೇ ತಾಯಿ. ನಿಂಗೇನು, ದೇವರು ಒಳ್ಳೇ ಮೈ ಕೊಟ್ಟಿದ್ದಾನೆ." ತಿಂದೆ. ಬೇಡ ಅಂದರೆ ಅನುಮಾನ ಬರುತ್ತದಲ್ಲ! ಥೂ, ಇದೂ ಒಂದು ಬಾಳೇ. ನಾಳೆ ಹೇಳುತ್ತೇನೆ. ಖಂಡಿತ.

ಜುಲೈ 25, ಸಂಜೆ
ಮಧ್ಯಾಹ್ನ ಗುಂಡಕ್ಕ ಸಿಂಕಿನ ಪಕ್ಕ ಧೊಪ್ಪನೆ ಕೂತುಬಿಟ್ಟಳು. ಮೈಯೆಲ್ಲಾ ಬೆವರು. ಬೆರಳು ಚುಚ್ಚಿ ನೋಡಿದೆ — ಆ ಹೊತ್ತಿನ ಸಕ್ಕರೆ 48ಕ್ಕೆ ಇಳಿದಿತ್ತು, 70ರ ಕೆಳಗೆ ಹೋಗಲೇಬಾರದು. ತನ್ನ ಅತ್ತಿಗೆಯ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಳಂತೆ, ಯಾರಿಗೂ ಹೇಳದೆ, ಅರೆಹೊಟ್ಟೆಯಲ್ಲಿ. ಗ್ಲೂಕೋಸ್ ನೀರು ಕೊಟ್ಟರೆ ಲೋಟ ತಳ್ಳಿದಳು. "ಸಕ್ಕರೆ ಕೊಟ್ಟು ಸಾಯಿಸ್ತೀಯೇನೇ? ಮೊಮ್ಮಗೂನ ಎತ್ಕೋಬೇಕು ನಾನು..."
"ಕುಡಿಯೇ ಅಕ್ಕ! ನಿಂಗೆ ಕಾಯಿಲೆ ಇಲ್ಲ! ಆ ರಿಪೋರ್ಟ್ ನಂದು!"
ಕಿರುಚಿಬಿಟ್ಟೆ. ಚೀಫ್ ಬಾಗಿಲಲ್ಲೇ ನಿಂತಿದ್ದರು. ಯಾರೂ ನಗಲಿಲ್ಲ.
ಗುಟುಕು ಗುಟುಕಾಗಿ ಕುಡಿದಳು. ಸುಧಾರಿಸಿಕೊಂಡ ಮೇಲೆ ನನ್ನನ್ನೇ ನೋಡಿದಳು. "ಯಾವಾಗಿಂದ ಗೊತ್ತಿತ್ತು?"
"ಎರಡು ವಾರದಿಂದ."
ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಮನೇಲಿ ಗೊತ್ತಾ?" ಅಂದಳು. ಇಲ್ಲ ಅಂದೆ. "ಮೊದಲು ಗಂಡನಿಗೆ ಹೇಳು. ನಾಳೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಅದಾದ್ಮೇಲೆ ನನ್ನ ಹತ್ರ ಮಾತಾಡ್ಬೇಡ, ಸ್ವಲ್ಪ ದಿನ." ಹೇಳುತ್ತಾ ಅತ್ತಳು.
ಇವರು ಈಗ ಬಂದರು. ಷೂ ಬಿಚ್ಚುತ್ತಿದ್ದಾರೆ. ಕರೆದೆ. ಏನು ಅಂತ ಇಲ್ಲಿಗೇ ಬಂದರು. ಎದುರಿಗೇ ನಿಂತಿದ್ದಾರೆ, ಏನದು ಬರೀತಿರೋದು ಅಂತ ಕೇಳುತ್ತಿದ್ದಾರೆ. ಈ ಡೈರಿಯನ್ನೇ ಅವರ ಕೈಗೆ ಕೊಡುತ್ತೇನೆ.